ಪಿಸ್ಸಾರೋನ ಸೇಬಿನ ಮರ, ನಮ್ಮಪ್ಪನ ಹುಣಸೆ ಮರ: ಇಷ್ಟೊಂದು ಚುಕ್ಕಿ ಯಾಕೆ ಇಟ್ಟ?

ಪಾವಗಡದ ಹುಡುಗ (ಡಲ್ಲಾಸ್), ಸೋಮವಾರ

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ನಿನ್ನೆ ಇಲ್ಲಿ ವಿಪರೀತ ಬಿಸಿಲು, ಪಾರ್ಕಿಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಡಲ್ಲಾಸ್ ಮ್ಯೂಸಿಯಂ ಆಫ್ ಆರ್ಟ್‌ಗೆ ಕರೆದುಕೊಂಡು ಹೋದೆ. ಒಳಗೆ ಹೋಗಲು ಟಿಕೆಟ್ ಇಲ್ಲ, ತಂಪಾಗಿರುತ್ತೆ. ಅಪ್ಪ ಒಂದೊಂದು ಚಿತ್ರಕ್ಕೂ ಅರ್ಧ ನಿಮಿಷ ಕೊಟ್ಟು ಮುಂದೆ ಹೋಗುತ್ತಿದ್ದರು. ಒಂದು ಚಿತ್ರದ ಮುಂದೆ ಮಾತ್ರ ನಿಂತೇಬಿಟ್ಟರು.

ಕಮೀಲ್ ಪಿಸ್ಸಾರೋ 1888ರಲ್ಲಿ ಬರೆದ 'ಸೇಬಿನ ಕೊಯ್ಲು'. ದೊಡ್ಡ ಚಿತ್ರವೇನಲ್ಲ. 61 ಸೆಂಟಿಮೀಟರ್ ಎತ್ತರ, 74 ಅಗಲ. ನಡುವೆ ಒಂದು ಸೇಬಿನ ಮರ. ಒಬ್ಬ ಉದ್ದನೆಯ ಕೋಲಿನಿಂದ ಕೊಂಬೆಗೆ ಬಡಿದು ಹಣ್ಣು ಉದುರಿಸುತ್ತಿದ್ದಾನೆ. ಹೆಂಗಸರು ಬಗ್ಗಿ ಆಯುತ್ತಿದ್ದಾರೆ. ಪಕ್ಕದಲ್ಲಿ ಬುಟ್ಟಿ. ಮರದ ಬುಡದಲ್ಲಿ ನೆರಳು, ಸುತ್ತ ಬಿಸಿಲು.

ಅಪ್ಪ ಮೊದಲು ಹೇಳಿದ್ದು, "ಇದು ನಮ್ಮ ಹುಣಸೆ ಬಡಿಯೋ ಹಂಗೇ ಐತಲ್ಲೋ" ಅಂತ. ಒಂದು ನಿಮಿಷ ಬಿಟ್ಟು, "ತಿನ್ನೋ ಹಣ್ಣನ್ನ ಯಾರೂ ಗಳದಲ್ಲಿ ಬಡಿಯಲ್ಲ. ಏಟು ಬಿದ್ದ ಹಣ್ಣು ಎರಡು ದಿನಕ್ಕೆ ಕೊಳೆಯುತ್ತೆ. ಇದು ಬೇರೆ ಯಾವುದಕ್ಕೋ ಇಟ್ಟಿರೋ ಹಣ್ಣು" ಅಂದರು. ಮನೆಗೆ ಬಂದು ಹುಡುಕಿದೆ. ಪಿಸ್ಸಾರೋ ಇದ್ದ ಎರಾನ್ಯಿ ಅನ್ನುವ ಹಳ್ಳಿ ಇರುವುದು ನಾರ್ಮಂಡಿಯ ಅಂಚಿನಲ್ಲಿ. ಆ ಸೀಮೆಯಲ್ಲಿ ಸೇಬಿನ ರಸ ಹಿಂಡಿ ಸೈಡರ್ ಅನ್ನುವ ಪಾನೀಯ ಮಾಡುತ್ತಾರೆ. ಅದಕ್ಕೆ ಬೇಕಾದ ಸೇಬನ್ನು ಹಿಂದಿನಿಂದಲೂ ಕೋಲಿನಿಂದ ಬಡಿದೇ ಉದುರಿಸುತ್ತಿದ್ದರಂತೆ. ಹೇಗೂ ಹಿಂಡುವ ಹಣ್ಣು, ಪೆಟ್ಟಾದರೆ ನಷ್ಟವಿಲ್ಲ. ಚಿತ್ರದಲ್ಲಿರುವುದೂ ಅದೇ ಇರಬೇಕು. ಅಪ್ಪನಿಗೆ ಫ್ರಾನ್ಸ್ ಎಲ್ಲಿದೆ ಅಂತಲೂ ಸರಿಯಾಗಿ ಗೊತ್ತಿಲ್ಲ, ಕೋಲು ನೋಡಿಯೇ ಹೇಳಿದರು.

ಈಗ ನನ್ನ ಪ್ರಶ್ನೆ. ಹತ್ತಿರ ಹೋದರೆ ಅಲ್ಲಿ ಮರವೂ ಇಲ್ಲ, ಹೆಂಗಸರೂ ಇಲ್ಲ. ಸಾವಿರಾರು ಸಣ್ಣ ಸಣ್ಣ ಚುಕ್ಕಿ, ಪುಟ್ಟ ಗೆರೆ. ಗುಲಾಬಿ, ಕಿತ್ತಳೆ, ನೀಲಿ, ಹಸಿರು, ನೇರಳೆ. ಐದಾರು ಹೆಜ್ಜೆ ಹಿಂದೆ ಬಂದರೆ ಎಲ್ಲ ಸೇರಿಕೊಂಡು ಬಿಸಿಲಾಗುತ್ತೆ. ಸುಮ್ನೆ ಹಸಿರು ಬಳಿದು ಎಲೆ ಮಾಡಬಹುದಿತ್ತು. ಇಷ್ಟು ಕಷ್ಟ ಯಾಕೆ? ತಿಳಿದವರು ಹೇಳಿ.

ಡ್ರಾಯಿಂಗ್ ಮೇಷ್ಟ್ರು (ಅರಸೀಕೆರೆ), ಸೋಮವಾರ

ಬಹಳ ಒಳ್ಳೆಯ ಪ್ರಶ್ನೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಈ ಚಿತ್ರಕಾರ ನನಗೆ ತುಂಬಾ ಇಷ್ಟ.

ಪಿಸ್ಸಾರೋ ಹುಟ್ಟಿದ್ದು 1830ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ. ಆಗ ಅದು ಡೆನ್ಮಾರ್ಕಿನವರ ಕೈಯಲ್ಲಿತ್ತು. ಆಮೇಲೆ ಫ್ರಾನ್ಸಿಗೆ ಬಂದು ನೆಲೆಸಿದ. ಮೊನೆ, ರೆನ್ವಾ, ದೆಗಾ ಎಲ್ಲ ಸೇರಿ 1874ರಲ್ಲಿ ತಮ್ಮದೇ ಪ್ರದರ್ಶನ ಶುರು ಮಾಡಿದರಲ್ಲ, ಕಂಡ ಗಳಿಗೆಯ ಬೆಳಕನ್ನು ಬೇಗ ಬರೆದು ಹಿಡಿಯುವ ಇಂಪ್ರೆಷನಿಸ್ಟರು, ಅವರಲ್ಲಿ ವಯಸ್ಸಿನಲ್ಲಿ ಹಿರಿಯ ಇವನೇ. 1886ರವರೆಗೆ ಅಂಥ ಎಂಟು ಪ್ರದರ್ಶನ ನಡೆದವು. ಎಂಟರಲ್ಲೂ ಚಿತ್ರ ಇಟ್ಟವನು ಪಿಸ್ಸಾರೋ ಒಬ್ಬನೇ.

ಇಂಥವನು 1885ರಲ್ಲಿ ಜಾರ್ಜ್ ಸ್ಯೂರಾ ಅನ್ನುವ ಹುಡುಗನನ್ನು ಭೇಟಿ ಮಾಡಿದ. ಹುಡುಗನಿಗೆ ಆಗ 25, ಇವನಿಗೆ 55. ಬಣ್ಣವನ್ನು ತಟ್ಟೆಯಲ್ಲಿ ಕಲಸಿದರೆ ಕಳೆ ಹೋಗುತ್ತೆ, ಕಲಸದೆ ಬಿಡಿಬಿಡಿಯಾಗಿ ಪಕ್ಕಪಕ್ಕ ಇಟ್ಟರೆ ನೋಡುವವರ ಕಣ್ಣೇ ಕೂಡಿಸಿಕೊಳ್ಳುತ್ತೆ ಅನ್ನುವುದು ಸ್ಯೂರಾನ ನಂಬಿಕೆ. ಹಳದಿ ಚುಕ್ಕಿ, ನೀಲಿ ಚುಕ್ಕಿ ಪಕ್ಕದಲ್ಲಿ ಇಟ್ಟರೆ ದೂರದಿಂದ ಹಸಿರಾಗುತ್ತೆ. ಪಿಸ್ಸಾರೋ ಇದನ್ನು ಕೇಳಿ, ಮೂವತ್ತು ವರ್ಷ ಮಾಡಿಕೊಂಡು ಬಂದ ಕೈಕೆಲಸವನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಕಲಿಯಲು ಕುಳಿತ. ಹೆಸರು ಮಾಡಿದವನು ತನ್ನ ಮಗನ ವಯಸ್ಸಿನವನ ಹತ್ತಿರ ಕಲಿಯಲು ಒಪ್ಪಿದ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತೆ. ದೊಡ್ಡ ಮಗ ಲೂಸಿಯನ್ ಕೂಡ ಅಪ್ಪನ ಜೊತೆ ಇದೇ ದಾರಿ ಹಿಡಿದ.

1886ರ ಕೊನೆಯ ಪ್ರದರ್ಶನದಲ್ಲಿ ಇವರ ಚಿತ್ರಗಳಿಗೆ ಬೇರೆಯೇ ಒಂದು ಕೋಣೆ. ಸ್ಯೂರಾನ 'ಗ್ರಾಂದ್ ಜಾತ್' ಅಲ್ಲೇ ಇತ್ತು. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ, ಪೂರ್ತಿ ಚುಕ್ಕಿ. ಈಗ ಶಿಕಾಗೋದಲ್ಲಿದೆ. ಫೆಲಿಕ್ಸ್ ಫೆನೆಯೋ ಅನ್ನುವ ವಿಮರ್ಶಕ ಇವರನ್ನು ನಿಯೋ ಇಂಪ್ರೆಷನಿಸ್ಟರು, ಅಂದರೆ ಹೊಸ ಇಂಪ್ರೆಷನಿಸ್ಟರು ಅಂತ ಕರೆದ. ಪಾಯಿಂಟಿಲಿಸಂ, ಅಂದರೆ ಚುಕ್ಕಿ ಶೈಲಿ, ಅನ್ನುವುದು ಬೇರೆಯವರು ನಕ್ಕು ಕೊಟ್ಟ ಹೆಸರು. ಈ ಗುಂಪಿನ ಸಿನ್ಯಾಕ್ 1899ರ ತನ್ನ ಪುಸ್ತಕದಲ್ಲಿ ಅದನ್ನು ಒಪ್ಪುವುದೇ ಇಲ್ಲ. ನಾವು ಚುಕ್ಕಿ ಇಡುವವರಲ್ಲ, ಬಣ್ಣವನ್ನು ಬಿಡಿಸಿ ಇಡುವವರು ಅನ್ನುವುದು ಅವನ ವಾದ.

ಮಲೆನಾಡಿಗ (ತೀರ್ಥಹಳ್ಳಿ), ಸೋಮವಾರ

ಅಂದ್ರೆ ನಮ್ಮ ಚುಕ್ಕಿ ರಂಗೋಲಿ ಥರ ಅಲ್ವಾ?

ಡ್ರಾಯಿಂಗ್ ಮೇಷ್ಟ್ರು, ಸೋಮವಾರ

ಇಲ್ಲ ಸರ್. ರಂಗೋಲಿಯ ಚುಕ್ಕಿ ಲೆಕ್ಕಕ್ಕೆ. ಗೆರೆ ಎಲ್ಲಿ ಸುತ್ತಬೇಕು ಅಂತ ದಾರಿ ತೋರಿಸುತ್ತೆ. ರಂಗೋಲಿ ಮುಗಿದ ಮೇಲೆ ನಾವು ನೋಡುವುದು ಗೆರೆಯನ್ನು. ಇಲ್ಲಿ ಗೆರೆಯೇ ಇಲ್ಲ. ಮರದ ಅಂಚು ಅಂದರೆ ಒಂದು ಥರದ ಚುಕ್ಕಿ ಮುಗಿದು ಇನ್ನೊಂದು ಥರದ್ದು ಶುರುವಾಗುವ ಜಾಗ, ಅಷ್ಟೇ.

ಆಫ್‌ಸೆಟ್ ಅಣ್ಣ (ಗದಗ), ಮಂಗಳವಾರ

ಮೇಷ್ಟ್ರೇ, ನಿಮ್ಮ ಬರಹ ಚೆನ್ನಾಗಿದೆ. ಆದರೆ ಒಂದು ಕಡೆ ತಿದ್ದಬೇಕು. ನಾನು ಪ್ರಿಂಟಿಂಗ್ ಪ್ರೆಸ್ಸಿನವನು. ದಿನಾ ಭೂತಗನ್ನಡಿ ಹಿಡಿದು ಚುಕ್ಕಿ ನೋಡುವುದೇ ಕೆಲಸ.

ಹಳದಿ ಚುಕ್ಕಿ, ನೀಲಿ ಚುಕ್ಕಿ ಪಕ್ಕಪಕ್ಕ ಇಟ್ಟರೆ ದೂರದಿಂದ ಹಸಿರು ಕಾಣುವುದಿಲ್ಲ. ಬೂದಿ ಬಣ್ಣದ ಹತ್ತಿರ ಬರುತ್ತೆ. ಹಸಿರು ಬರುವುದು ಬಣ್ಣವನ್ನು ಕಲಸಿದಾಗ, ಇಲ್ಲವೇ ನಮ್ಮ ಪ್ರೆಸ್ಸಿನ ಹಾಗೆ ಒಂದರ ಮೇಲೊಂದು ಬಿದ್ದಾಗ. ನಮ್ಮ ಇಂಕು ಗಾಜಿನ ಹಾಗೆ, ಬೆಳಕು ಒಳಗೆ ಹೋಗಿ ಬರುತ್ತೆ. ನೀಲಿ ಇಂಕಿನ ಮೇಲೆ ಹಳದಿ ಬಿದ್ದರೆ ಎರಡೂ ಸೇರಿ ಬೆಳಕನ್ನು ತಡೆದು ಹಸಿರನ್ನು ಮಾತ್ರ ಬಿಡುತ್ತವೆ. ಚಿತ್ರಕಾರನ ಚುಕ್ಕಿ ಹಾಗಲ್ಲ. ಒಂದರ ಪಕ್ಕ ಒಂದು ಕೂತಿರುತ್ತೆ. ಎರಡರಿಂದಲೂ ಬರುವ ಬೆಳಕನ್ನು ಕಣ್ಣು ಸರಾಸರಿ ಮಾಡುತ್ತೆ. ಶಾಲೆಯಲ್ಲಿ ನ್ಯೂಟನ್ ಚಕ್ರ ತಿರುಗಿಸಿದ್ದು ನೆನಪಿದೆಯಲ್ಲ? ಏಳು ಬಣ್ಣ ಸೇರಿ ಬೆಳ್ಳಗೆ ಅಂತ ಪುಸ್ತಕದಲ್ಲಿತ್ತು, ಕಂಡದ್ದು ಮಾಸಿದ ಬಿಳಿ. ಅದೂ ಸರಾಸರಿಯೇ.

ಹಾಗಾಗಿ ಪಿಸ್ಸಾರೋಗೆ ಹಸಿರು ಬೇಕಾದ ಕಡೆ ಹಸಿರನ್ನೇ ಇಟ್ಟಿದ್ದಾನೆ. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹಸಿರಿನ ನಡುವೆ ಹಳದಿ, ನೀಲಿ ಸೇರಿಸಿ ಬಿಸಿಲಿನ ಎಲೆ, ನೆರಳಿನ ಎಲೆ ಬೇರೆ ಮಾಡಿದ್ದಾನೆ.

ಡ್ರಾಯಿಂಗ್ ಮೇಷ್ಟ್ರು, ಮಂಗಳವಾರ

ಅಣ್ಣಾ, ನೀವು ಹೇಳಿದ್ದು ಸರಿ. ಕಾಗದದ ಮೇಲೆ ಈಗಷ್ಟೇ ಮಾಡಿ ನೋಡಿದೆ. ಹಳದಿ, ನೀಲಿ ಸ್ಕೆಚ್ ಪೆನ್ನಿನ ಚುಕ್ಕಿ, ಹತ್ತು ಅಡಿ ದೂರ. ಬೂದಿಯೇ. ಇಷ್ಟು ವರ್ಷ ಮಕ್ಕಳಿಗೆ ಹಸಿರು ಅಂತಲೇ ಹೇಳಿಕೊಟ್ಟಿದ್ದೆ. ಇನ್ನು ಮೇಲೆ ಸರಿಯಾಗಿ ಹೇಳುತ್ತೇನೆ.

ನೇರಮಾತು (ಬೆಂಗಳೂರು), ಮಂಗಳವಾರ

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಈ ಶೈಲಿ ಹಿಡಿಸುವುದಿಲ್ಲ. ಯಂತ್ರ ಮಾಡುವ ಕೆಲಸವನ್ನು ಮನುಷ್ಯ ಯಾಕೆ ಮಾಡಬೇಕು? ಕೈ ಓಡುವುದು, ನಿಲ್ಲುವುದು, ತಪ್ಪುವುದು, ಇದರಲ್ಲೇ ಚಿತ್ರಕ್ಕೆ ಜೀವ. ನಮ್ಮ ರುಮಾಲೆ ಚನ್ನಬಸವಯ್ಯನವರು ಬರೆದ ಬೆಂಗಳೂರಿನ ಹೂವಿನ ಮರಗಳನ್ನು ನೋಡಿ. ಅಲ್ಲೂ ಬಣ್ಣ ಬಿಡಿಬಿಡಿಯಾಗಿ ಬಿದ್ದಿದೆ, ಆದರೆ ಕೈಯ ರಭಸ ಕಾಣುತ್ತೆ. ಪಿಸ್ಸಾರೋನ ಈ ಕಾಲದ ಚಿತ್ರದಲ್ಲಿ ಎಲ್ಲ ನಿಂತ ನೀರಿನ ಹಾಗೆ. ಇನ್ನೊಂದು ಮಾತು. ಹಳ್ಳಿಯ ಬಡತನ, ಬೆವರು ಏನೂ ಇಲ್ಲ. ಎಲ್ಲ ಚಂದ, ಎಲ್ಲ ಬಿಸಿಲು. ಪಟ್ಟಣದವರ ಗೋಡೆಗೆ ಬೇಕಾದ ಹಳ್ಳಿ ಅದು.

ಹಾಸುಹೊಕ್ಕು (ಗುಳೇದಗುಡ್ಡ), ಮಂಗಳವಾರ

ನಾನು ನೇಕಾರರ ಮನೆಯ ಸೊಸೆ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಚಿತ್ರಕಲೆ ನನಗೆ ಗೊತ್ತಿಲ್ಲ. ಆದರೆ ಆಫ್‌ಸೆಟ್ ಅಣ್ಣಾವ್ರು ಸರಾಸರಿ ಅಂದರಲ್ಲ, ಅದು ನಮ್ಮ ಮಗ್ಗದ ಮೇಲೆ ದಿನಾ ನಡೆಯುವ ವಿಷಯ.

ನಮ್ಮೂರ ಖಣ ನೋಡಿದ್ದೀರಲ್ಲ, ರವಿಕೆಯ ಬಟ್ಟೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ಹಾಸು ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಹೊಕ್ಕು ಅಂದರೆ ಲಾಳಿಯಲ್ಲಿ ಅಡ್ಡ ಓಡುವ ನೂಲು. ಕರಿ ಹಾಸಿಗೆ ಕೆಂಪು ಹೊಕ್ಕು ಹಾಕಿದರೆ ಒಂದು ಥರದ ದಟ್ಟ ಕೆಂಪು ಬರುತ್ತೆ. ಅದನ್ನು ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆಯಲು ಆಗುವುದಿಲ್ಲ. ಹತ್ತಿರದಿಂದ ನೋಡಿದರೆ ಒಂದು ಎಳೆ ಕರಿ, ಒಂದು ಎಳೆ ಕೆಂಪು, ಅಷ್ಟೇ ಇರುವುದು. ಮೈಮೇಲೆ ಹಾಕಿಕೊಂಡು ತಿರುಗಿದಾಗ ತೋಳಿನ ಮೇಲೆ ಒಂದು ಬಣ್ಣ, ಮಡಿಕೆಯಲ್ಲಿ ಇನ್ನೊಂದು. ಗಿರಾಕಿಗಳು ಡಬಲ್ ಕಲರ್ ಅಂತಾರೆ.

ನಮ್ಮತ್ತೆ ಒಂದು ಮಾತು ಹೇಳುತ್ತಿದ್ದರು. ಒಂದೇ ಲಡಿಯ ಕರಿ ನೂಲು ಒಂದು ಖಣದಲ್ಲಿ ಕಪ್ಪಗೆ ಕಾಣುತ್ತೆ, ಇನ್ನೊಂದರಲ್ಲಿ ಮಾಸಿದಂತೆ ಕಾಣುತ್ತೆ, ಅದು ಬಣ್ಣದವನ ತಪ್ಪಲ್ಲ, ಪಕ್ಕದ ನೂಲಿನ ತಪ್ಪು ಅಂತ. ಒಬ್ಬ ವ್ಯಾಪಾರಿ ಇದೇ ಕಾರಣಕ್ಕೆ ಒಂದು ಸಲ ಪೂರ್ತಿ ಮಾಲು ವಾಪಸ್ ಕಳಿಸಿದ್ದ. ಅತ್ತೆ ಎರಡು ಖಣದಿಂದ ಕರಿ ಎಳೆ ಬಿಚ್ಚಿ, ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡೂ ಒಂದೇ.

ಡ್ರಾಯಿಂಗ್ ಮೇಷ್ಟ್ರು, ಮಂಗಳವಾರ ರಾತ್ರಿ

ಅಕ್ಕಾ, ನೀವು ಬರೆದದ್ದು ಓದಿ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಈ ಚುಕ್ಕಿ ಚಿತ್ರದ ಬೇರು ಇರುವುದೇ ನಿಮ್ಮತ್ತೆ ಹೇಳಿದ ಮಾತಿನಲ್ಲಿ!

ಪ್ಯಾರಿಸಿನಲ್ಲಿ ಗೊಬ್ಲಾಂ ಅಂತ ಒಂದು ನೇಯ್ಗೆ ಕಾರ್ಖಾನೆ. ಗೋಡೆಗೆ ಹಾಕುವ ಚಿತ್ರದ ಬಟ್ಟೆ ನೇಯುವ ಜಾಗ, ರಾಜರ ಕಾಲದ್ದು. ಅಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಮುಖ್ಯಸ್ಥ. ಕರಿ ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ ಅವನಿಗೆ ದೂರು ಬಂತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ದೋಷವೇ ಇಲ್ಲ. ನೀಲಿ, ನೇರಳೆ ನೂಲಿನ ಪಕ್ಕ ಕೂತಾಗ ಕರಿ ಸಪ್ಪೆ ಕಾಣುತ್ತಿತ್ತು. ಅಲ್ಲಿಂದ ಹುಡುಕುತ್ತಾ ಹೋಗಿ 1839ರಲ್ಲಿ ದೊಡ್ಡ ಪುಸ್ತಕ ಬರೆದ. ಪ್ರತಿ ಬಣ್ಣವೂ ಪಕ್ಕದ ಬಣ್ಣವನ್ನು ತನ್ನಿಂದ ದೂರ ತಳ್ಳುತ್ತೆ ಅನ್ನುವುದು ಅದರ ಸಾರ. ಕಿತ್ತಳೆ ಪಕ್ಕದಲ್ಲಿ ನೀಲಿ ಇನ್ನೂ ನೀಲಿಯಾಗುತ್ತೆ. ಕೆಂಪಿನ ಪಕ್ಕದಲ್ಲಿ ಹಸಿರು ಇನ್ನೂ ಹಸಿರಾಗುತ್ತೆ. ಸ್ಯೂರಾ, ಪಿಸ್ಸಾರೋ ಕಲಿತದ್ದು ಇದೇ ಪಾಠ. ಅಮೆರಿಕದ ಆಗ್ಡೆನ್ ರೂಡ್ 1879ರಲ್ಲಿ ಬರೆದ ಬಣ್ಣದ ಪುಸ್ತಕ ಇನ್ನೊಂದು ಆಧಾರ.

ಅಂದರೆ ಈ ಚಿತ್ರಗಳ ಗುರು ನೇಕಾರರ ಮನೆಯ ನೂಲು. ಪಾವಗಡದ ತಮ್ಮಾ, ನಿಮ್ಮ ಪ್ರಶ್ನೆಗೆ ನನಗಿಂತ ಅಕ್ಕನೇ ಸರಿಯಾದ ಉತ್ತರ ಕೊಟ್ಟಿದ್ದಾರೆ.

ಸಂಜೆಮಲ್ಲಿಗೆ (ಚಿಂತಾಮಣಿ), ಬುಧವಾರ

> ಹಳ್ಳಿಯ ಬಡತನ, ಬೆವರು ಏನೂ ಇಲ್ಲ

ನೇರಮಾತು ಅವರೇ, ಈ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು. ನಾನು ಹುಣಸೆ ಸೀಮೆಯವಳು. ಮದುವೆಯಾಗುವವರೆಗೂ ಅಮ್ಮನ ಜೊತೆ ಹುಣಸೆ ಕೆಲಸಕ್ಕೆ ಹೋಗಿದ್ದೇನೆ. ಮರ ಹತ್ತಿ, ಗಳ ಹಿಡಿದು ಬಡಿಯುವುದು ಗಂಡಸರು. ಕೆಳಗೆ ಬಗ್ಗಿ ಆಯುವುದು ನಾವು. ಸಂಜೆ ಸೊಂಟ ನೆಟ್ಟಗಾಗುವುದಿಲ್ಲ. ಆಮೇಲೆ ಒಣಗಿಸಿ, ಓಡು ಕುಟ್ಟಿ, ನಾರು ಎಳೆದು, ಬೀಜ ಬಿಡಿಸುವುದು. ಅದೂ ನಮ್ಮದೇ. ಬೆರಳಿನ ತುದಿ ಕಪ್ಪಾಗಿ, ಹುಳಿಗೆ ಚರ್ಮ ಸುಲಿದು, ಸಾರು ಅನ್ನ ಕಲಸಿದರೆ ಉರಿ. ಕೂಲಿ ಮಾತ್ರ ಬಡಿಯುವವನಿಗೆ ಜಾಸ್ತಿ.

ಪಾವಗಡದ ಹುಡುಗ ಹೇಳಿದ ಚಿತ್ರವನ್ನು ಫೋನಿನಲ್ಲಿ ನೋಡಿದೆ. ಬಗ್ಗಿರುವ ಹೆಂಗಸಿನ ಬೆನ್ನು ನೋಡಿ. ಸುಮ್ನೆ ಚಂದಕ್ಕೆ ಬಗ್ಗಿಸಿದ ಬೆನ್ನಲ್ಲ ಅದು. ಸೊಂಟದಿಂದ ಬಗ್ಗಿದ್ದಾಳೆ. ದಿನವಿಡೀ ಆಯುವವರು ಬಗ್ಗುವುದೇ ಹಾಗೆ. ಕೂತು ಎದ್ದು ಮಾಡಿದರೆ ಮಂಡಿ ಹೋಗುತ್ತೆ. ಇದನ್ನು ನೋಡಿ ಬರೆದವನು ಹೊಲದಲ್ಲಿ ಬಹಳ ಹೊತ್ತು ನಿಂತಿದ್ದಾನೆ. ಅತ್ತು ಕರೆದರೆ ಮಾತ್ರ ಕಷ್ಟ ಅಂತ ಅಲ್ಲ. ನಾವು ಕೆಲಸ ಮಾಡುವಾಗಲೂ ಬಿಸಿಲು ಚೆನ್ನಾಗಿಯೇ ಇರುತ್ತಿತ್ತು. ಮಾತಾಡುತ್ತಿದ್ದೆವು, ಹಾಡು ಹೇಳುತ್ತಿದ್ದೆವು.

ನೇರಮಾತು, ಬುಧವಾರ

ಸಂಜೆಮಲ್ಲಿಗೆ ಮೇಡಂ, ನಾನು ಬೆನ್ನನ್ನು ಹಾಗೆ ನೋಡಿರಲಿಲ್ಲ. ಈಗ ನೋಡಿದೆ. ಹಳ್ಳಿಯ ಬಗ್ಗೆ ಹೇಳಿದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಶೈಲಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹಾಗೇ ಇದೆ.

ಒಸಾಕಾ ಕನ್ನಡತಿ, ಬುಧವಾರ

ಇದೇ ಪಿಸ್ಸಾರೋನ ಇನ್ನೊಂದು ಸೇಬಿನ ಚಿತ್ರ ಜಪಾನಿನಲ್ಲಿದೆ. ಕುರಾಶಿಕಿ ಊರಿನ ಒಹಾರಾ ಮ್ಯೂಸಿಯಂ, 1930ರಲ್ಲಿ ಶುರುವಾದದ್ದು. ಎರಡು ಸಲ ಹೋಗಿ ನೋಡಿದ್ದೇನೆ. 1886ರ ಚಿತ್ರ, ಮೇಷ್ಟ್ರು ಹೇಳಿದ ಆ ಕೊನೆಯ ಪ್ರದರ್ಶನದಲ್ಲಿ ಇದ್ದದ್ದು. ಹೆಚ್ಚುಕಡಿಮೆ ಚೌಕ, ಒಂದೊಂದು ಕಡೆಯೂ ಒಂದೂಕಾಲು ಮೀಟರಿನಷ್ಟು.

ಸಂಜೆಮಲ್ಲಿಗೆ ಅಕ್ಕನಿಗೆ ಇದನ್ನು ಹೇಳಲೇಬೇಕು. ಅದರಲ್ಲಿ ಕೋಲು ಹಿಡಿದಿರುವುದು ಹೆಂಗಸು! ಒಬ್ಬಳು ಬಡಿಯುತ್ತಾಳೆ, ಒಬ್ಬಳು ಆಯುತ್ತಾಳೆ, ಇನ್ನೊಬ್ಬಳು ಆರಾಮಾಗಿ ಕೂತು ಸೇಬು ತಿನ್ನುತ್ತಿದ್ದಾಳೆ. ಯಾರೂ ಅವಳನ್ನು ಏಳು ಅನ್ನುತ್ತಿಲ್ಲ.

ಡ್ರಾಯಿಂಗ್ ಮೇಷ್ಟ್ರು, ಬುಧವಾರ

ಆ ಕೂತು ತಿನ್ನುವವಳು ಸುಮ್ನೆ ಬಂದವಳಲ್ಲ. ಪಿಸ್ಸಾರೋ ಅರಾಜಕತಾವಾದಿ. ಮೇಲಿನವರು ಕೆಳಗಿನವರು ಇಲ್ಲದೆ, ಜನ ತಾವೇ ಕೂಡಿ ದುಡಿದು ಹಂಚಿಕೊಳ್ಳುವ ಬದುಕು ಬರಬೇಕು ಅಂತ ಮನಸಾರೆ ನಂಬಿದ್ದವನು. ಅವನ ಹೊಲದ ಚಿತ್ರಗಳಲ್ಲಿ ಮೇಸ್ತ್ರಿ ಇಲ್ಲ, ಜಮೀನ್ದಾರ ಇಲ್ಲ. ದುಡಿಯುತ್ತಾರೆ, ನಿಲ್ಲುತ್ತಾರೆ, ಮಾತಾಡುತ್ತಾರೆ. ರೈತರ ಚಿತ್ರಗಳಿಗೆ ಹೆಸರಾದ ಹಿಂದಿನ ತಲೆಮಾರಿನ ಚಿತ್ರಕಾರ ಮಿಲೆ ಜೊತೆ ಜನ ಅವನನ್ನು ಹೋಲಿಸಿದರೆ ಅವನಿಗೆ ಇಷ್ಟವಾಗುತ್ತಿರಲಿಲ್ಲ. ಮಿಲೆಯ ರೈತರು ಧರ್ಮಗ್ರಂಥದಿಂದ ಎದ್ದು ಬಂದವರ ಹಾಗೆ ಅಂತ ಅವನ ಅಭಿಪ್ರಾಯ.

1889ರ ಅವನ ಒಂದು ಚುಕ್ಕಿ ಚಿತ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಕೊಯ್ಲು ಮುಗಿದ ಹೊಲದಲ್ಲಿ ಉಳಿದ ತೆನೆ ಆಯುವ ಹೆಂಗಸರು. ನಮ್ಮಲ್ಲಿ ಅದಕ್ಕೆ ಹಕ್ಕಲು ಆಯುವುದು ಅಂತ ಎಷ್ಟು ಚೆನ್ನಾದ ಮಾತಿದೆ ನೋಡಿ. ಚಿತ್ರದ ಹೆಸರನ್ನು ಮಕ್ಕಳಿಗೆ 'ಹಕ್ಕಲಾಯುವವರು' ಅಂತಲೇ ಹೇಳುತ್ತೇನೆ.

ಇನ್ನು ಪಟ್ಟಣದವರ ಹಳ್ಳಿ ಅನ್ನುವ ಮಾತು. 1884ರಿಂದ 1903ರಲ್ಲಿ ಸಾಯುವವರೆಗೆ ಅವನ ಮನೆ ಎರಾನ್ಯಿಯಲ್ಲೇ. ಎಪ್ಟ್ ಅನ್ನುವ ಸಣ್ಣ ಹೊಳೆಯ ದಡದ ಊರು. ಹೆಂಡತಿ ಜೂಲಿ ರೈತರ ಮನೆಯ ಮಗಳು, ದ್ರಾಕ್ಷಿ ಬೆಳೆಯುವವರು. ದೊಡ್ಡ ಸಂಸಾರ. ಚಿತ್ರ ಮಾರಾಟವಾಗದ ದಿನಗಳಲ್ಲಿ ಅವಳು ತರಕಾರಿ ಬೆಳೆದು, ಕೋಳಿ ಮೊಲ ಸಾಕಿ ಮನೆ ನಡೆಸಿದಳು. 1892ರಲ್ಲಿ ಬಾಡಿಗೆ ಮನೆ ಮಾರಾಟಕ್ಕೆ ಬಂದಾಗ, ಅದೇ ಹೊಳೆಯ ಕೆಳಗಿನ ಜೀವರ್ನಿಯಲ್ಲಿದ್ದ ಮೊನೆ ಹತ್ತಿರ ಸಾಲ ಕೇಳಿದವಳೂ ಜೂಲಿಯೇ. ಆ ಸಾಲದಿಂದಲೇ ಮನೆ ಸ್ವಂತದ್ದಾಯಿತು.

ಮಲೆನಾಡಿಗ, ಬುಧವಾರ

ಚುಕ್ಕಿ ಚಿತ್ರ ಮಾರಾಟ ಆಗುತ್ತಿತ್ತಾ?

ಡ್ರಾಯಿಂಗ್ ಮೇಷ್ಟ್ರು, ಬುಧವಾರ

ಕಷ್ಟ ಇತ್ತು. ಅವನ ಚಿತ್ರ ಕೊಳ್ಳುತ್ತಿದ್ದ ಹಳೆಯ ವ್ಯಾಪಾರಿ ದ್ಯುರಾಂ ರುಯೆಲ್‌ಗೆ ಈ ದಾರಿ ಹಿಡಿಸಲಿಲ್ಲ. ಒಂದೊಂದು ಚಿತ್ರಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮೊದಲಿನ ಹಾಗೆ ಬೇಗ ಬೇಗ ಬರೆದು ಮಾರುವ ಹಾಗಿಲ್ಲ. ಕೈಹಿಡಿದವನು ವ್ಯಾನ್ ಗೋನ ತಮ್ಮ ತಿಯೋ. ತಾನು ಕೆಲಸ ಮಾಡುತ್ತಿದ್ದ ಗ್ಯಾಲರಿಯಲ್ಲಿ 1890ರಲ್ಲಿ ಪಿಸ್ಸಾರೋನದೇ ಒಂದು ಪ್ರದರ್ಶನ ಮಾಡಿಸಿದ.

ಅಷ್ಟರಲ್ಲಿ ಪಿಸ್ಸಾರೋನ ಮನಸ್ಸೇ ತಿರುಗುತ್ತಿತ್ತು. ನೇರಮಾತು ಅವರೇ, ಇದು ನಿಮಗೆ. ನೀವು ಹೇಳಿದ್ದನ್ನೇ ಅವನೂ ಹೇಳಿದ್ದಾನೆ. ಮೋಡ ಸರಿಯುತ್ತೆ, ಬೆಳಕು ಬದಲಾಗುತ್ತೆ, ಚುಕ್ಕಿ ಇಡುವ ಕೈ ಮಾತ್ರ ಅಲ್ಲೇ ಇರುತ್ತೆ. ಕಂಡ ಗಳಿಗೆಯಲ್ಲಿ ಮನಸ್ಸಿಗೆ ಆದದ್ದನ್ನು ಹಿಡಿಯಲು ಆಗುವುದಿಲ್ಲ ಅಂತ. 1890ರ ಹೊತ್ತಿಗೆ ಬಿಟ್ಟ. 1896ರಲ್ಲಿ ಬೆಲ್ಜಿಯಂನ ಕಲಾವಿದ ವಾನ್ ದ ವೆಲ್ಡೆಗೆ ಬರೆದ ಕಾಗದದಲ್ಲಿ ಯಾಕೆ ಬಿಟ್ಟೆ ಅಂತ ಬಿಚ್ಚಿ ಹೇಳಿದ್ದಾನೆ. ಸ್ಯೂರಾ 1891ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡ.

ಆದರೆ ಅವನು ಸೋತ ಅಂತ ನಾನು ಒಪ್ಪುವುದಿಲ್ಲ. 55ರಲ್ಲಿ ಶಿಷ್ಯನಾದ, 60ರಲ್ಲಿ ಇದು ನನ್ನದಲ್ಲ ಅಂತ ಹೇಳಿ ಎದ್ದು ಬಂದ. ಎರಡಕ್ಕೂ ಧೈರ್ಯ ಬೇಕು. ಆ ನಾಲ್ಕೈದು ವರ್ಷದ ಚಿತ್ರಗಳಲ್ಲಿರುವ ಬಿಸಿಲು ಅವನ ಮುಂಚಿನ ಚಿತ್ರದಲ್ಲೂ ಇಲ್ಲ, ಆಮೇಲಿನದರಲ್ಲೂ ಇಲ್ಲ.

ನೇರಮಾತು, ಬುಧವಾರ

ಇದು ಗೊತ್ತಿರಲಿಲ್ಲ ಸರ್. ಕಾಗದದ ವಿಷಯ ಓದಿ ಖುಷಿಯಾಯಿತು.

ಆಫ್‌ಸೆಟ್ ಅಣ್ಣ, ಗುರುವಾರ

ಬಣ್ಣದ ಬಾಳಿಕೆ ಬಗ್ಗೆಯೂ ಒಂದು ಮಾತು. ಸ್ಯೂರಾ 'ಗ್ರಾಂದ್ ಜಾತ್'ನ ಹುಲ್ಲಿನ ಮೇಲೆ ಇಟ್ಟ ಹೊಳೆಯುವ ಹಳದಿ ಚುಕ್ಕಿಗಳಲ್ಲಿ ಜಿಂಕ್ ಹಳದಿ ಇತ್ತು. ಕೆಲವೇ ವರ್ಷದಲ್ಲಿ ಅವು ಕಂದು ತಿರುಗಿದವು. ಈಗ ನಾವು ನೋಡುವ ಹುಲ್ಲು ಅವನು ಬರೆದಷ್ಟು ಬೆಳಗುವ ಹುಲ್ಲಲ್ಲ. ಕಲಸಿದ ಬಣ್ಣ ಕೆಟ್ಟರೆ ಇಡೀ ಜಾಗ ಒಟ್ಟಿಗೆ ಮಂಕಾಗುತ್ತೆ. ಚುಕ್ಕಿ ಚಿತ್ರದಲ್ಲಿ ಒಂದು ಬಣ್ಣ ಕೆಟ್ಟರೆ ಲೆಕ್ಕವೇ ತಪ್ಪುತ್ತೆ. ಪ್ರೆಸ್ಸಿನಲ್ಲಿ ಒಂದು ಬಣ್ಣದ ಪ್ಲೇಟು ಸರಿಯಾದ ಜಾಗಕ್ಕೆ ಕೂರದೆ ರಿಜಿಸ್ಟರ್ ತಪ್ಪಿದರೆ ಹೀರೋ ಮುಖ ಕೆಂಪಾಗುತ್ತಲ್ಲ, ಹಾಗೆ.

ಇನ್ನೊಂದು ವ್ಯತ್ಯಾಸ. ನಮ್ಮ ಯಂತ್ರದ ಚುಕ್ಕಿಗೆ ಲೆಕ್ಕವಿದೆ, ಒಂದೊಂದು ಬಣ್ಣಕ್ಕೂ ಇಷ್ಟೇ ಡಿಗ್ರಿ ಓರೆ ಅಂತ. ತಪ್ಪಿದರೆ ಕಣ್ಣಿಗೆ ಅಲೆ ಅಲೆಯಾಗಿ ಕಾಣುತ್ತೆ. ಪಿಸ್ಸಾರೋನ ಚುಕ್ಕಿ ದುಂಡಗೂ ಇಲ್ಲ. ದೊಡ್ಡದು ಮಾಡಿ ನೋಡಿದರೆ ಅಕ್ಕಿಕಾಳಿನ ಹಾಗೆ, ಅಲ್ಪವಿರಾಮದ ಹಾಗೆ. ಒಂದು ಕಡೆ ಹೀಗೆ ವಾಲಿದೆ, ಇನ್ನೊಂದು ಕಡೆ ಹಾಗೆ. ಯಂತ್ರದ ಕೆಲಸ ಅಂದರೆ ನಾನು ಒಪ್ಪುವುದಿಲ್ಲ. ಯಂತ್ರ ಏನು ಮಾಡುತ್ತೆ ಅಂತ ನನಗೆ ಗೊತ್ತು.

ಒಸಾಕಾ ಕನ್ನಡತಿ, ಗುರುವಾರ

ಇದೇ ಕಾಲದ ಇನ್ನೊಂದು ಚಿತ್ರದ ಕಥೆ ಹೇಳುತ್ತೇನೆ. 1887ರ 'ಬಟಾಣಿ ಕೊಯ್ಲು', ಕಾಗದದ ಮೇಲೆ ಗ್ವಾಶ್ ಅನ್ನುವ, ನೀರಿನಲ್ಲಿ ಕಲಸುವ ದಟ್ಟ ಬಣ್ಣದ ಚಿತ್ರ. ಸಿಮೋನ್ ಬೌವರ್ ಅನ್ನುವ ಫ್ರಾನ್ಸಿನ ಯಹೂದಿ ಸಂಗ್ರಾಹಕರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಯಹೂದಿ ಅನ್ನುವ ಕಾರಣಕ್ಕೆ ಅಲ್ಲಿನ ಸರ್ಕಾರ ಅವರ ಚಿತ್ರಗಳನ್ನೆಲ್ಲ ಕಿತ್ತುಕೊಂಡಿತು. ಇದು ಕೈಯಿಂದ ಕೈಗೆ ಹೋಗಿ ಅಮೆರಿಕದ ದಂಪತಿಯ ಮನೆ ಸೇರಿತ್ತು. ಅವರು ಹರಾಜಿನಲ್ಲಿ ದುಡ್ಡು ಕೊಟ್ಟು ಕೊಂಡವರು. 2017ರಲ್ಲಿ ಪ್ಯಾರಿಸಿನ ಪ್ರದರ್ಶನಕ್ಕೆ ಕಳಿಸಿದಾಗ ಬೌವರ್ ವಂಶದವರು ಗುರುತು ಹಿಡಿದರು. ಕೋರ್ಟು ಚಿತ್ರವನ್ನು ಅವರಿಗೇ ಕೊಡಿಸಿತು, 2020ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಹೊಲದಲ್ಲಿ ಬಟಾಣಿ ಕೀಳುವ ಹೆಂಗಸರ ಚಿತ್ರ ಎಪ್ಪತ್ತು ಚಿಲ್ಲರೆ ವರ್ಷದ ಮೇಲೆ ಮನೆಗೆ ಬಂತು.

ಸಂಜೆಮಲ್ಲಿಗೆ, ಗುರುವಾರ

ಒಳ್ಳೆಯದಾಯಿತು.

ಡ್ರಾಯಿಂಗ್ ಮೇಷ್ಟ್ರು, ಮುಂದಿನ ಬುಧವಾರ

ಈ ಚರ್ಚೆಯಿಂದ ಹುರುಪು ಬಂದು ಒಂಬತ್ತನೇ ತರಗತಿಗೆ ಪಾಠ ಮಾಡಿದೆ. ಶಾಲೆಯ ಹಿಂದೆ ಹುಣಸೆ ಮರ ಇದೆ. ಅಂಗೈಯಷ್ಟು ಡ್ರಾಯಿಂಗ್ ಹಾಳೆ ಕೊಟ್ಟು, ಚುಕ್ಕಿಯಲ್ಲೇ ಆ ಮರ ಬರೆಯಿರಿ ಅಂದೆ. ನಿಯಮ ಒಂದೇ, ಗೆರೆ ಎಳೆಯಬಾರದು.

ನಾಲ್ಕು ಪೀರಿಯಡ್ ಆಯಿತು. ಯಾರದೂ ಆಕಾಶ ಮುಗಿದಿಲ್ಲ. ಒಬ್ಬ ಹುಡುಗ ಎರಡನೇ ದಿನ ಬಂದು, "ಸಾರ್, ನಿನ್ನೆ ನೆರಳು ಈ ಕಡೆ ಇತ್ತು, ಇವತ್ತು ಆ ಕಡೆ ಇದೆ, ಯಾವುದು ಬರೀಲಿ?" ಅಂತ ಕೇಳಿದ. ಪೀರಿಯಡ್ ಬೇರೆ ಹೊತ್ತಿಗೆ ಬಂದಿತ್ತು. ಪಿಸ್ಸಾರೋಗೆ ಇದೇ ತೊಂದರೆಯಾಗಿತ್ತು ಕಣೋ ಅಂದೆ. ಇನ್ನೊಬ್ಬಳು ನೆರಳಿಗೆ ಕರಿ ಹಾಕಲೇ ಇಲ್ಲ. ಮರದ ಬುಡದಲ್ಲಿ ಕೂತು ನೋಡಿ ನೋಡಿ ನೇರಳೆ ಹಾಕಿದ್ದಾಳೆ. ನಾನು ಹೇಳಿಕೊಟ್ಟಿರಲಿಲ್ಲ.

ಹಾಸುಹೊಕ್ಕು, ಗುರುವಾರ

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ.

ನಾನೂ ಒಂದು ಮಾಡಿದೆ. ಮಗ್ಗದಲ್ಲಿ ಒಂದು ಹಾಸು ಮುಗಿಯುತ್ತಾ ಬಂದಿತ್ತು, ನೀಲಿಯದು. ಕೊನೆಗೆ ಒಂದು ಗೇಣು ಉಳಿದಿತ್ತು. ಮನೆಯವರನ್ನು ಕೇಳಿ ಅದಕ್ಕೆ ಕಿತ್ತಳೆ ಹೊಕ್ಕು ಹಾಕಿದೆ. ಈ ಜೋಡಿ ನಾವು ಹಾಕುವುದಿಲ್ಲ, ಗಿರಾಕಿ ಕೇಳುವುದಿಲ್ಲ. ನೇಯ್ದ ಮೇಲೆ ಒಳಗೆ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಕಂದು ಬೂದಿ, ಏನೂ ಚಂದ ಇಲ್ಲ. ಆಫ್‌ಸೆಟ್ ಅಣ್ಣಾವ್ರ ಸರಾಸರಿ. ಆದರೆ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ಸ್ವಲ್ಪ ಓರೆ ಮಾಡಿದೆ ನೋಡಿ, ಬೂದಿಯ ಒಳಗಿಂದ ನೀಲಿ ಎದ್ದಿತು. ಇನ್ನಷ್ಟು ಓರೆ ಮಾಡಿದರೆ ಕಿತ್ತಳೆ. ಬೇವಿನ ಮರದ ಕೆಳಗೆ ಮಧ್ಯಾಹ್ನದ ನೆರಳು ಇರುತ್ತಲ್ಲ, ಕಪ್ಪಲ್ಲ, ಬೂದಿಯಲ್ಲ, ಸುಮ್ನೆ ನೋಡುತ್ತಾ ಇದ್ದರೆ ಅಲುಗಾಡುತ್ತೆ, ಹಾಗೆ. ಫೋಟೋದಲ್ಲಿ ಬರುತ್ತಿಲ್ಲ. ಮೂರು ಸಲ ತೆಗೆದೆ.

ಪಾವಗಡದ ಹುಡುಗ, ಭಾನುವಾರ

ಅಕ್ಕ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಹೋಗೋಣ ಅಂದರು. ಇವತ್ತು ಹೋಗಿದ್ದೆವು.

ನಾನು ಈ ಸಲ ನೆರಳನ್ನು ಮಾತ್ರ ನೋಡಿದೆ. ಹತ್ತಿರದಿಂದ ನೀಲಿ, ನೇರಳೆ, ನಡುವೆ ಗುಲಾಬಿ. ಕರಿ ಹುಡುಕಿದೆ, ನನಗೆ ಎಲ್ಲೂ ಸಿಗಲಿಲ್ಲ. ಹಿಂದೆ ಹಿಂದೆ ಬಂದೆ. ಮೂರು ಹೆಜ್ಜೆಗೆ ಇನ್ನೂ ಚುಕ್ಕಿ. ಏಳು ಹೆಜ್ಜೆಗೆ ಬರೀ ನೆರಳು. ನಡುವೆ ಒಂದು ಜಾಗ ಇದೆ, ನಾಲ್ಕೈದು ಹೆಜ್ಜೆ ಇರಬಹುದು, ಅಲ್ಲಿ ಚುಕ್ಕಿಯೂ ಪೂರ್ತಿ ಹೋಗಿರುವುದಿಲ್ಲ, ನೆರಳೂ ಪೂರ್ತಿ ಆಗಿರುವುದಿಲ್ಲ. ಅಕ್ಕ ಹೇಳಿದ ಅಲುಗಾಟ ಅಲ್ಲಿತ್ತು.

ಅಪ್ಪ ಅಷ್ಟು ಹೊತ್ತೂ ಕೋಲು ಹಿಡಿದವನನ್ನೇ ನೋಡುತ್ತಿದ್ದರು. ಆಮೇಲೆ ಅಮ್ಮನನ್ನು ಕರೆದು, ಆಯುವ ಹೆಂಗಸರನ್ನು ತೋರಿಸಿ, "ಇವರು ಮರದ ಕೆಳಗೇ ಅವರೆ, ಅವನು ಬಡೀತಾನೇ ಅವನೆ. ತಲೆ ಮೇಲೆ ಬೀಳಲ್ವಾ?" ಅಂದರು. ಅಮ್ಮ ಹೇಳಿದ್ದು, "ನೀವು ಬಡಿಯೋವಾಗ ನಾನು ಎಲ್ಲಿರ್ತಿದ್ದೆ?"